ಸೀಟಿನ ಕೆಳಗಿನ ಚೀಟಿ

ಪೆರಿಯಕುಳಂ ಅಂದ ಕೂಡಲೆ ನನಗೆ ಮೊದಲು ನೆನಪಾಗುವುದು ಬೆಳ್ಳುಳ್ಳಿಯ ಘಾಟು. ಪಕ್ಕದ ವಡುಗಪಟ್ಟಿಯಲ್ಲಿ ಬೆಳ್ಳುಳ್ಳಿಯ ಮಂಡಿ. ಅಲ್ಲಿಂದ ಹೊರಟ ಲಾರಿ ಬಸ್ ಸ್ಟ್ಯಾಂಡ್ ಮುಂದೆ ಒಂದು ಗಳಿಗೆ ನಿಂತರೆ ಸಾಕು, ಬೀದಿಗೆ ಬೀದಿಯೇ ಒಗ್ಗರಣೆ ಹಾಕಿದ ಹಾಗಾಗುತ್ತಿತ್ತು. ಎರಡನೆಯದು ಮಾವಿನ ಹೂವಿನ ವಾಸನೆ. ಮೂರನೆಯದು ನನ್ನ ಬೈಕಿನ ಸುಟ್ಟ ಟೂ-ಟಿ ಆಯಿಲಿನದು. ಇವತ್ತು ಹೇಳುವುದು ಆ ಮೂರನೆಯದರ ಕಥೆ.

ಬ್ಯಾಂಕಿನ ಕೆಲಸದ ಮೇಲೆ ಮೈಸೂರು ಬಿಟ್ಟು ಅಲ್ಲಿಗೆ ವರ್ಗವಾಗಿ ಹೋದ ಹೊಸತು. ಯಾವ ವರ್ಷ ಅಂತ ಸರಿಯಾಗಿ ಹೇಳಲಾರೆ. ತೇನಿ ಇನ್ನೂ ಬೇರೆ ಜಿಲ್ಲೆಯಾಗಿರಲಿಲ್ಲ, ದೊಡ್ಡ ಕೆಲಸ ಏನಿದ್ದರೂ ಮದುರೆಗೇ ಓಡಬೇಕಿತ್ತು. ಅಷ್ಟು ನೆನಪಿದೆ. ಊರನ್ನು ವರಾಹ ನದಿ ಎರಡು ಪಾಲು ಮಾಡುತ್ತದೆ, ತೆಂಕರೆ ಮತ್ತು ವಡಕರೆ. ನನಗೆ ತೆಂಕರೆಯಲ್ಲಿ ಒಂದು ಮಹಡಿ ಕೋಣೆ ಸಿಕ್ಕಿತು. ಕಿಟಕಿ ತೆಗೆದರೆ ಕೊಡೈಕನಾಲಿನ ಬೆಟ್ಟ ಗೋಡೆಯ ಹಾಗೆ ನಿಂತಿರುತ್ತಿತ್ತು. ಬೆಳಿಗ್ಗೆ ನೀಲಿ, ಮಧ್ಯಾಹ್ನ ಬೂದಿ, ಸಂಜೆಗೆ ಮತ್ತೆ ನೀಲಿ.

ಮನೆ ಹುಡುಕುವಾಗ ಒಂದು ಸೋಜಿಗ ನಡೆಯಿತು. ನನ್ನ ಮುರುಕು ತಮಿಳಿನಲ್ಲಿ ಬಾಡಿಗೆ ಎಷ್ಟು ಅಂತ ಕೇಳುತ್ತಿದ್ದೆ. ಜಗಲಿಯ ಮೇಲೆ ಕೂತು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದ ಅಜ್ಜಿ ತಲೆ ಎತ್ತಿ, "ಯಾವೂರಪ್ಪ ನಿಂದು?" ಅಂದುಬಿಟ್ಟರು. ಕನ್ನಡ! ಅವರು ಕಂಬಂ ಕಡೆಯ ಒಕ್ಕಲಿಗರು. ಮಾವಿನ ತೋಟ ನೋಡಿಕೊಳ್ಳಲು ಪೆರಿಯಕುಳಕ್ಕೆ ಬಂದು ನೆಲೆ ನಿಂತಿದ್ದರು. ಆ ಕಣಿವೆಯಲ್ಲಿ ಕಂಬಂ, ಬೋಡಿ ಸುತ್ತಮುತ್ತ ಮನೆಯೊಳಗೆ ಕನ್ನಡ, ಬೀದಿಯಲ್ಲಿ ತಮಿಳು ಆಡುವ ಮನೆಗಳು ಎಷ್ಟೋ ಇವೆ. ಓದಲು ಬರೆಯಲು ತಮಿಳೇ. ಕನ್ನಡ ಬಾಯಿಂದ ಬಾಯಿಗೆ ಬಂದದ್ದು. ತಮ್ಮ ಹಿರೀಕರು ದನ ಹೊಡೆದುಕೊಂಡು ಘಟ್ಟದ ಅಂಚಿನಲ್ಲೇ ನಡೆದು ಬಂದರು ಅಂತ ಅಜ್ಜಿ ಹೇಳುತ್ತಿದ್ದರು. ಕಂಬಂನಲ್ಲಿ ಅವರಿಗೊಂದು ನಂದಗೋಪಾಲ ಸ್ವಾಮಿಯ ಗುಡಿ ಇದೆ. ತಂಬಿರಾನ್ ಮಾಟ್ಟುತ್ತೊಳು ಅಂತ ಹೆಸರು. ತೊಳು ಅಂದರೆ ದನದ ಕೊಟ್ಟಿಗೆ. ಮಾಟ್ಟು ಪೊಂಗಲ್ ದಿನ ಸುತ್ತಲ ಹಳ್ಳಿಗಳ ಜನವೆಲ್ಲ ಅಲ್ಲಿ ಸೇರುತ್ತಾರೆ. ಅಜ್ಜಿ ವರ್ಷಕ್ಕೊಮ್ಮೆ ತಪ್ಪದೆ ಹೋಗಿಬರುತ್ತಿದ್ದರು.

ನೋಡಿ, ಬೈಕಿನ ಕಥೆ ಹೇಳಲು ಹೊರಟು ದನದ ಕೊಟ್ಟಿಗೆಗೆ ಹೋದೆ. ಆದರೆ ಅಜ್ಜಿಯ ಸೂಜಿ ಇಲ್ಲದೆ ಈ ಕಥೆ ಮುಂದೆ ಹೋಗುವುದಿಲ್ಲ, ಅದಕ್ಕೇ ಅವರನ್ನು ಮೊದಲು ಪರಿಚಯ ಮಾಡಿಸಿದೆ.

ಬೈಕು ಯಮಹಾ ಆರ್‌ಎಕ್ಸ್ 100. ನನ್ನ ವಯಸ್ಸಿನವರಿಗೆ ಅದರ ಬಗ್ಗೆ ಹೇಳಬೇಕಾಗಿಲ್ಲ, ಎಳೆಯರಿಗಾಗಿ ಎರಡು ಮಾತು. ಎಸ್ಕಾರ್ಟ್ಸ್ ಕಂಪನಿ ಯಮಹಾ ಜೊತೆ ಸೇರಿ 1985ರಿಂದ 1996ರ ತನಕ ಅದನ್ನು ಮಾಡಿ ಮಾರಿತು. 98 ಸಿಸಿ ಎಂಜಿನ್, ಟೂ-ಸ್ಟ್ರೋಕು, 11 ಕುದುರೆಯ ಬಲ. ಗಾಡಿಯ ತೂಕ 100 ಕಿಲೋ ಆಸುಪಾಸು. ಹಗುರ ಮೈ, ಬಿಗಿ ಎಂಜಿನ್. ಕಿವಿ, ಅಂದರೆ ಆಕ್ಸಿಲರೇಟರು, ತಿರುವಿದರೆ ಸರಕ್ಕನೆ ಮುಂದೆ ಹಾರುತ್ತಿತ್ತು. ಆ ಸದ್ದು ಒಮ್ಮೆ ಕೇಳಿದವರು ಮರೆಯುವುದಿಲ್ಲ. ನಾನು ಕೊಂಡದ್ದು ಬೆಂಗಳೂರಿನ ಒಬ್ಬ ಕಾಲೇಜು ಹುಡುಗನಿಂದ. "ಎಂಜಿನ್‌ಗೆ ಕೈ ಹಾಕಿಲ್ಲ ಸಾರ್" ಅಂದ. ಅವನು ಸುಳ್ಳು ಹೇಳಿದ ಅಂತ ನಾನು ಈಗಲೂ ಅನ್ನಲಾರೆ. ಅವನಿಗೆ ಗೊತ್ತಿದ್ದಷ್ಟು ಹೇಳಿದ. ಗಾಡಿ ಲಾರಿಯಲ್ಲಿ ದಿಂಡಿಗಲ್ಲಿಗೆ ಬಂತು. ಅಲ್ಲಿಂದ ಬತ್ತಲಗುಂಡು, ದೇವದಾನಪಟ್ಟಿ ಮೇಲೆ ನಾನೇ ಓಡಿಸಿಕೊಂಡು ಬಂದೆ. ನಿಧಾನವಾಗಿ, ಹೊಸ ಊರು ನೋಡುತ್ತ.

ಒಂದೆರಡು ತಿಂಗಳು ಏನೂ ತೊಂದರೆ ಇರಲಿಲ್ಲ. ಮನೆಯಿಂದ ಬ್ಯಾಂಕಿಗೆ, ಬ್ಯಾಂಕಿನಿಂದ ಮನೆಗೆ. ಭಾನುವಾರ ಕುಂಬಕ್ಕರೈ ಜಲಪಾತದ ತನಕ. ಪಿಕಪ್ ಚೆನ್ನಾಗಿತ್ತು, ಹೊಗೆ ಮಾತ್ರ ಕೊಂಚ ಜಾಸ್ತಿ. ಟೂ-ಸ್ಟ್ರೋಕಿಗೆ ಹೊಗೆ ಸಹಜ ಅಂತ ಸುಮ್ಮನಿದ್ದೆ.

ಆಮೇಲೆ ಆಡಿ ತಿಂಗಳು ಬಂತು, ನಮ್ಮ ಆಷಾಢದ ಹೊತ್ತು. ಆ ಕಣಿವೆಯಲ್ಲಿ ಆಡಿ ಗಾಳಿ ಅಂದರೆ ಹುಡುಗಾಟವಲ್ಲ. ಕೇರಳದ ಕಡೆ ಮಳೆ ಸುರಿಯುತ್ತಿರುತ್ತದೆ, ಇಲ್ಲಿಗೆ ಘಟ್ಟ ದಾಟಿ ಬರುವುದು ತಂಪು ಗಾಳಿ ಮತ್ತು ಸೂಜಿಮೊನೆಯಂಥ ತುಂತುರು. ಒಣಹಾಕಿದ ಪಂಚೆ ಮೂರು ಮನೆ ಆಚೆ ಸಿಗುತ್ತಿತ್ತು. ಅಂಥ ಒಂದು ದಿನ ತೇನಿಯಲ್ಲಿ ಕೆಲಸ ಮುಗಿಸಿ ವಾಪಸು ಬರುತ್ತಿದ್ದೆ. ಬೆನ್ನಿಗೆ ಗಾಳಿ, ರಸ್ತೆ ಖಾಲಿ, ಎರಡೂ ಕಡೆ ಹುಣಸೆ ಮರ. ಜೀವಕ್ಕೆ ಹಿತವಾಗಿ ಕಿವಿ ಪೂರ್ತಿ ತಿರುವಿ ಹಿಡಿದೆ. ಅಷ್ಟು ಹೊತ್ತು ಪೂರ್ತಿ ಹಿಡಿದದ್ದು ಅದೇ ಮೊದಲು. ಲಕ್ಷ್ಮೀಪುರಂ ಹತ್ತಿರ ಬರುವಾಗ ಎಂಜಿನ್ ಸದ್ದು ತೆಳ್ಳಗಾಯಿತು, ಒಣಗಿದ ಗಂಟಲಿನ ಹಾಗೆ. ಯಾರೋ ಹಿಂದಿನಿಂದ ಹಗ್ಗ ಹಾಕಿ ಎಳೆದಂತಾಗಿ ಹಿಂದಿನ ಚಕ್ರ ಕಿರ್ರೆಂದು ನಿಂತೇಹೋಯಿತು. ಕೈ ತಾನಾಗಿ ಕ್ಲಚ್ ಹಿಡಿಯಿತು, ಅದಕ್ಕೇ ಇವತ್ತು ಕೂತು ಇದನ್ನು ಹೇಳುತ್ತಿದ್ದೇನೆ.

ಗಾಡಿ ರಸ್ತೆಯಂಚಿಗೆ ಹೊರಳಿ ನಿಂತಿತು. ಕೈಕಾಲು ನಡುಗುತ್ತಿತ್ತು. ಹುಣಸೆ ಮರದ ಬುಡದಲ್ಲಿ ಒಬ್ಬ ಹೆಂಗಸು ಕಂಬಿನ ಅಂಬಲಿ ಮಾರುತ್ತಿದ್ದಳು. ಸಜ್ಜೆಗೆ ಅಲ್ಲಿ ಕಂಬು ಅನ್ನುತ್ತಾರೆ. ಕೇಳದೆಯೇ ಒಂದು ಚೊಂಬು ಕೊಟ್ಟಳು, ನೆಂಚಿಕೊಳ್ಳಲು ಸಣ್ಣ ಈರುಳ್ಳಿ, ಹುರಿದ ಮಜ್ಜಿಗೆ ಮೆಣಸಿನಕಾಯಿ. ಕುಡಿದ ಮೇಲೆ ಉಸಿರು ಹದಕ್ಕೆ ಬಂತು. ಕಾಸು ಕೊಡಲು ಹೋದರೆ, "ಬಿದ್ದು ಎದ್ದವರ ಹತ್ತಿರ ಇಸಕೊಳ್ಳೋದಿಲ್ಲ" ಅಂದಳು. ಆ ಮುಖ ಈಗ ಮಸುಕಾಗಿದೆ, ಮಾತು ಹಾಗೇ ಇದೆ.

ಬಂದವರೆಲ್ಲ ಒಂದೊಂದು ಕಾರಣ ಹೇಳಿದರು. ಆಯಿಲ್ ಮುಗಿದಿರಬೇಕು, ಪೆಟ್ರೋಲು ಕಲಬೆರಕೆ ಇರಬೇಕು, ಬೇರಿಂಗ್ ಹೋಗಿರಬೇಕು. ಕೊನೆಗೆ ಬಾಳೆಗೊನೆಯ ಟೆಂಪೋದವನೊಬ್ಬ ಗಾಡಿಯನ್ನು ಗೊನೆಗಳ ಪಕ್ಕ ಮಲಗಿಸಿಕೊಂಡು ಪೆರಿಯಕುಳದ ಮೇಸ್ತ್ರಿಯ ಅಂಗಡಿ ಮುಂದೆ ಇಳಿಸಿದ.

ಮೇಸ್ತ್ರಿ ಅಂದರೆ ಮೇಸ್ತ್ರಿ ಅಷ್ಟೇ, ಊರಲ್ಲಿ ಯಾರೂ ಅವರ ಹೆಸರು ಹಿಡಿದು ಕರೆದದ್ದನ್ನು ಕೇಳಲಿಲ್ಲ. ಅರವತ್ತರ ಹತ್ತಿರದ ವಯಸ್ಸು. ತೋಟಗಳ ಆಯಿಲ್ ಎಂಜಿನ್ ರಿಪೇರಿ ಮಾಡುತ್ತ ಶುರು ಮಾಡಿದವರು. ಹಣೆಯಲ್ಲಿ ವಿಭೂತಿ, ಕಿವಿಯ ಸಂದಿಯಲ್ಲಿ ಒಂದು ಪೆನ್ಸಿಲು. ಮಾತು ಕಡಿಮೆ. ಒಂದು ಅಭ್ಯಾಸ ಇತ್ತು ಅವರಿಗೆ. ಗಾಡಿ ಬಂದ ಕೂಡಲೆ ಸ್ಪ್ಯಾನರ್ ಹಿಡಿಯುತ್ತಿರಲಿಲ್ಲ. ಮೊದಲು ಒಂದು ಲೋಟ ಸುಕ್ಕು ಕಾಫಿ ತರಿಸಿ, ಅದು ಮುಗಿಯುವ ತನಕ ಗಾಡಿಯನ್ನು ಸುತ್ತಿ ಸುತ್ತಿ ನೋಡುವುದು. ಕರುಪ್ಪಟ್ಟಿ ಬೆಲ್ಲದ, ಶುಂಠಿಯ ಆ ಕಾಫಿ ನನಗೂ ಒಂದು ಬಂತು. ಕುಡಿಯುತ್ತ ಅವರು ಕೇಳಿದ್ದು ಒಂದೇ ಪ್ರಶ್ನೆ: "ಎಂಜಿನ್ ಕಟ್ಟಿಕೊಂಡಾಗ ಕಿವಿ ಎಷ್ಟು ತಿರುವಿದ್ದಿರಿ ಸಾರ್?"

"ಪೂರ್ತಿ" ಅಂದೆ.

"ಊರೊಳಗೆ ಯಾವತ್ತೂ ಹೀಗಾಗಿಲ್ಲ ಅಲ್ವಾ?"

"ಇಲ್ಲ."

ತಲೆ ಆಡಿಸಿದರು. ಆಮೇಲೆ ಆಯಿಲ್ ಪಂಪಿನ ನಳಿಗೆ ಬಿಚ್ಚಿ ನೋಡಿದರು. ಆರ್‌ಎಕ್ಸ್‌ಗೆ ಆಯಿಲ್ ಬೇರೆ ಡಬ್ಬಿಯಿಂದ ಪಂಪಿನ ಮೂಲಕ ಹೋಗುತ್ತದೆ. ಪಂಪು ಸರಿಯಾಗಿತ್ತು. ಪ್ಲಗ್ ಬಿಚ್ಚಿ ಅಂಗೈಯಲ್ಲಿಟ್ಟು ನನ್ನ ಕಡೆ ಚಾಚಿದರು. ಸುಣ್ಣ ಬಳಿದ ಹಾಗೆ ಬೆಳ್ಳಗಿತ್ತು. ಹುರಿದ ಕಾಫಿ ಬೀಜದ ಬಣ್ಣ ಇರಬೇಕು ಅಂದರು. ಮಸಿಯಾಗಿದ್ದರೆ ಪೆಟ್ರೋಲು ಹೆಚ್ಚು, ಬೆಳ್ಳಗಿದ್ದರೆ ಪೆಟ್ರೋಲು ಸಾಲದು. ಟೂ-ಸ್ಟ್ರೋಕಿನಲ್ಲಿ ಪೆಟ್ರೋಲು ಸಾಲದಾದರೆ ಬೆಂಕಿ ತೀರಾ ಕಾಯುತ್ತದೆ, ಪಿಸ್ಟನ್ ಉಬ್ಬುತ್ತದೆ, ಸಿಲಿಂಡರಿನ ಗೋಡೆ ಹಿಡಿದುಬಿಡುತ್ತದೆ. ಹೆಡ್ಡು, ಸಿಲಿಂಡರು ಬಿಚ್ಚಿದಾಗ ಪಿಸ್ಟನ್ನಿನ ಪಕ್ಕೆಯಲ್ಲಿ ಬೆರಳಗಲದ ಗೀಟು. ಬೋರ್ ಮಾಡಿಸುವಷ್ಟು ಆಗಿರಲಿಲ್ಲ. ಗೋಡೆಗೆ ಮೆತ್ತಿಕೊಂಡಿದ್ದ ಅಲ್ಯೂಮಿನಿಯಮ್ಮನ್ನು ನುಣ್ಣನೆ ಎಮರಿ ಕಾಗದದಲ್ಲಿ ತೆಗೆದರೆ ಸಾಕು ಅಂದರು.

"ಇದು ರೋಗದ ಗುರುತು. ರೋಗ ಇರೋದು ಇಲ್ಲಿ" ಅಂತ ಪೆಟ್ರೋಲು, ಗಾಳಿ ಬೆರೆಸುವ ಕಾರ್ಬೊರೇಟರಿನ ಮೇಲೆ ಬೆರಳಿಟ್ಟರು.

ಆ ಸಂಜೆ ಮಳೆ ಬಂತು, ಕರೆಂಟು ಹೋಯಿತು. ಅವರು ಕಾರ್ಬೊರೇಟರನ್ನು ಒಂದು ಬಟ್ಟೆಯಲ್ಲಿ ಸುತ್ತಿ, ನನ್ನ ಮನೆ ಹತ್ತಿರವೇ ಆದ್ದರಿಂದ, ಛತ್ರಿ ಹಿಡಿದು ನನ್ನ ಜೊತೆ ಬಂದರು. ಅಜ್ಜಿಯ ಜಗಲಿಯಲ್ಲಿ ಲಾಂದ್ರದ ಬೆಳಕಿನಲ್ಲಿ ಅದನ್ನು ಬಿಚ್ಚಿ ಹರಡಿದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಒಳಗೆ ಅಜ್ಜಿಯ ಸೊಸೆ ಪೂಂಡು ಕೊಳಂಬು ಕುದಿಸುತ್ತಿದ್ದರು, ಇಡೀ ಇಡೀ ಬೆಳ್ಳುಳ್ಳಿಯ ಹುಣಸೆ ಸಾರು. ಹೊರಗೆ ಸಾರಲ್ ಮಳೆ. ಮೇಸ್ತ್ರಿ ಒಂದು ಬಿಳಿ ಪಂಚೆಯ ತುಂಡಿನ ಮೇಲೆ ಹಿತ್ತಾಳೆಯ ಚೂರುಗಳನ್ನು ಒಂದೊಂದಾಗಿ ಇಟ್ಟರು. ಪಕ್ಕದಲ್ಲಿ ಬೆಂಕಿಪೊಟ್ಟಣ ತೆಗೆದು, ಅದರಲ್ಲಿ ಹತ್ತಿಯ ಮೇಲೆ ಜೋಪಾನವಾಗಿಟ್ಟಿದ್ದ ಬೇರೆ ಚೂರುಗಳನ್ನು ಎದುರು ಸಾಲಿನಲ್ಲಿ ಇಟ್ಟರು. ಅವು ಹಳೆಯ ಒಂದು ಆರ್‌ಎಕ್ಸ್‌ನಿಂದ ಬಿಚ್ಚಿಟ್ಟಿದ್ದ ಕಂಪನಿ ಜೆಟ್‌ಗಳು, ನೀಡಲ್ಲು.

ಇಲ್ಲಿ ಸ್ವಲ್ಪ ನಿಂತು ಹೇಳಬೇಕು. ಜೆಟ್ ಅಂದರೆ ಹಿತ್ತಾಳೆಯ ಸಣ್ಣ ಸ್ಕ್ರೂ, ನಡುವೆ ಕೂದಲೆಳೆಯ ಲೆಕ್ಕದಲ್ಲಿ ಕೊರೆದ ತೂತು. ಪೆಟ್ರೋಲು ಆ ತೂತಿನಿಂದಲೇ ಎಂಜಿನ್ನಿಗೆ ಹೋಗಬೇಕು. ಕಿವಿ ತಿರುವದೆ ಗಾಡಿ ನಿಂತಲ್ಲೇ ಓಡುವಾಗ ಪೈಲಟ್ ಜೆಟ್ಟಿನ ಕೆಲಸ. ಕಾಲು ಭಾಗದಿಂದ ಮುಕ್ಕಾಲು ಭಾಗದ ತನಕ ನೀಡಲ್ಲಿನ ಕೆಲಸ. ಅದು ಕಿವಿ ತಿರುವಿದ ಹಾಗೆ ಏರುವ ಸ್ಲೈಡಿಗೆ ನೇತುಬಿದ್ದು ಮೇಲೆ ಕೆಳಗೆ ಆಡುವ ಮೊನಚು ಕಡ್ಡಿ. ಮುಕ್ಕಾಲು ದಾಟಿ ಪೂರ್ತಿ ತಿರುವಿದಾಗ ಮಾತ್ರ ಮೇನ್ ಜೆಟ್ಟಿನ ಆಳ್ವಿಕೆ. ಮೇಸ್ತ್ರಿ ಕಾಫಿ ಕುಡಿಯುತ್ತ ಆ ಒಂದೇ ಪ್ರಶ್ನೆ ಏಕೆ ಕೇಳಿದರು ಅಂತ ನನಗೆ ಆಗ ಹೊಳೆಯಿತು. ಬೆಂಗಳೂರಿನ ಸಂದಣಿಯಲ್ಲಿ ಯಾರು ಪೂರ್ತಿ ಕಿವಿ ತಿರುವಿ ಹತ್ತು ನಿಮಿಷ ಓಡಿಸುತ್ತಾರೆ? ಅಲ್ಲಿ ಮೇನ್ ಜೆಟ್ಟಿನ ತಪ್ಪು ಎಷ್ಟು ವರ್ಷ ಬೇಕಾದರೂ ಅಡಗಿ ಕೂತಿರಬಹುದು. ತೇನಿ ರಸ್ತೆಯಲ್ಲಿ ಅಡಗಲು ಜಾಗ ಸಿಗಲಿಲ್ಲ.

ಎರಡು ಮೇನ್ ಜೆಟ್‌ಗಳನ್ನು ಅಂಗೈಯಲ್ಲಿಟ್ಟು ನನಗೆ ತೋರಿಸಿದರು. ಎರಡರ ಮೇಲೂ ಒಂದೇ ಅಂಕಿ. ಆ ಅಂಕಿ ಎಷ್ಟು ಅಂತ ಈಗ ಮರೆತಿದೆ, ಎರಡೂ ಒಂದೇ ಇದ್ದದ್ದು ಮಾತ್ರ ಖಂಡಿತ. "ಹಾಗಾದರೆ ಎರಡೂ ಒಂದೇ ಅಲ್ವೇ?" ಅಂದೆ.

"ಅಂಕಿ ಓದಬೇಡಿ, ಚೂರನ್ನು ನೋಡಿ" ಅಂದರು.

ನೋಡಿದೆ. ಕಂಪನಿ ಜೆಟ್ಟಿನ ಮೇಲೆ ಅಂಕಿಯ ಜೊತೆಗೆ ಅತಿ ಸಣ್ಣ ಗುರುತೊಂದಿತ್ತು, ಚೌಕದೊಳಗೊಂದು ಚೌಕ. ಅದು ಮಿಕುನಿಯ ಮುದ್ರೆ. ಆರ್‌ಎಕ್ಸ್‌ನ ಕಾರ್ಬೊರೇಟರ್ ಜಪಾನಿನ ಆ ಮಿಕುನಿಯ ವಿನ್ಯಾಸದ್ದು. ನನ್ನ ಗಾಡಿಯ ಜೆಟ್ಟಿನಲ್ಲಿ ಆ ಚೌಕ ಇರಲಿಲ್ಲ. ಅಂಕಿ ದೊಡ್ಡದಾಗಿ, ಕೊಂಚ ಸೊಟ್ಟಗೆ ಬಿದ್ದಿತ್ತು. ಹಿತ್ತಾಳೆಯ ಬಣ್ಣ ತೆಳು. ಸ್ಕ್ರೂಡ್ರೈವರ್ ಕೂರುವ ಗೀರಿನ ಅಂಚಿನಲ್ಲಿ ಸಿಬಿರು ಎದ್ದಿತ್ತು. ಉಗುರಿನಿಂದ ಸವರಿದರೆ ತಾಗುತ್ತಿತ್ತು.

"ಇಷ್ಟಕ್ಕೇ ಕೆಟ್ಟದ್ದು ಅಂತ ಹೇಳೋ ಹಾಗಿಲ್ಲ" ಅಂದರು ಮೇಸ್ತ್ರಿ. "ಹೊರಗಿನ ಜೆಟ್ ಅಂತ ಗೊತ್ತಾಯ್ತು. ತೂತು ಸರಿ ಇದೆಯೋ ಇಲ್ಲವೋ ಅದೇ ಹೇಳಬೇಕು." ಒಳಗೆ ತಿರುಗಿ, "ಅಮ್ಮಾ, ಒಂದು ಸೂಜಿ ಕೊಡಿ" ಅಂತ ಕೇಳಿದರು. ಅಜ್ಜಿ ರವಿಕೆ ಹೊಲಿಯುವ ಡಬ್ಬಿ ತಂದು ಮುಂದಿಟ್ಟರು. ಅದರಲ್ಲಿ ಹತ್ತಾರು ಸೂಜಿ. ಮೇಸ್ತ್ರಿ ಒಂದೊಂದನ್ನೇ ಬೆಳಕಿಗೆ ಹಿಡಿದು, ನೇರವಾಗಿ ನುಣ್ಣಗಿದ್ದ ಒಂದನ್ನು ಆರಿಸಿದರು.

ಕಂಪನಿ ಜೆಟ್ಟಿನೊಳಗೆ ಸೂಜಿಯನ್ನು ಮೊನೆಯ ಕಡೆಯಿಂದ ಇಳಿಬಿಟ್ಟರು. ಒತ್ತಲಿಲ್ಲ, ತಿರುಗಿಸಲಿಲ್ಲ. ಹಿತ್ತಾಳೆ ಮೆದು, ಒತ್ತಿದರೆ ತೂತು ಹಿಗ್ಗುತ್ತದೆ, ಆಮೇಲೆ ಆ ಜೆಟ್ಟು ಯಾವ ಅಂಕಿಗೂ ಸಲ್ಲುವುದಿಲ್ಲ. ಜೆಟ್ ಕಟ್ಟಿಕೊಂಡರೆ ಪಿನ್ನು, ತಂತಿ ತೂರಿಸಿ ಕ್ಲೀನ್ ಮಾಡುವವರನ್ನು ಕಂಡರೆ ಅವರಿಗೆ ಸಂಕಟ. ಪೆಟ್ರೋಲಲ್ಲಿ ನೆನೆಸಿ ಗಾಳಿ ಊದಬೇಕು ಅನ್ನುತ್ತಿದ್ದರು. ಸೂಜಿ ತಾನಾಗಿ ಎಲ್ಲಿ ನಿಂತಿತೋ ಅಲ್ಲಿ ಒಂದು ಕೆಂಪು ದಾರ ಸುತ್ತಿದರು. ಈಗ ಅದೇ ಸೂಜಿ ನನ್ನ ಗಾಡಿಯ ಜೆಟ್ಟಿಗೆ. ದಾರ ಜೆಟ್ಟಿನ ಬಾಯಿ ಮುಟ್ಟಲೇ ಇಲ್ಲ. ಅಕ್ಕಿ ಕಾಳಿನಷ್ಟು ಮೇಲೆಯೇ ಸೂಜಿ ನಿಂತುಬಿಟ್ಟಿತು.

ಅಜ್ಜಿ ಬಗ್ಗಿ ನೋಡಿ, "ಕಣ್ಣು ಚಿಕ್ಕದು" ಅಂದರು. ಸೂಜಿಯ ಕಣ್ಣಿನ ಲೆಕ್ಕದಲ್ಲಿ ಅಂದ ಮಾತು. ಮೇಸ್ತ್ರಿಗೆ ಕನ್ನಡ ಬಾರದು, ಆದರೂ ತಲೆದೂಗಿದರು. ಕಣ್ಣು ಅನ್ನುವುದು ಎರಡೂ ಭಾಷೆಗೆ ಒಂದೇ ತಾನೇ.

ಅಷ್ಟಕ್ಕೂ ಬಿಡಲಿಲ್ಲ. ದನದ ಡಾಕ್ಟರರು ಕೊಟ್ಟಿದ್ದ ಒಂದು ಹಳೆಯ ದೊಡ್ಡ ಸಿರಿಂಜು ಅವರ ಚೀಲದಲ್ಲಿತ್ತು. ಸಿರಿಂಜಿನ ಬಾಯಿಗೆ ರಬ್ಬರ್ ನಳಿಗೆಯಲ್ಲಿ ಜೆಟ್ ಸಿಕ್ಕಿಸಿ, ನೀರು ತುಂಬಿ, ಅದು ಬರಿದಾಗುವ ತನಕ ಒಂದೇ ತಾಳದಲ್ಲಿ ಎಣಿಸಿದರು. ಒನ್ನು, ರೆಂಡು, ಮೂಣು. ಕಂಪನಿ ಜೆಟ್ಟು ಮೊದಲು ಬರಿದಾಯಿತು. ನನ್ನದು ಅದಾದ ಮೇಲೂ ತೊಟ್ಟಿಕ್ಕುತ್ತಲೇ ಇತ್ತು. ಸೂಜಿ ಹೇಳಿದ್ದನ್ನೇ ನೀರೂ ಹೇಳಿತು.

ಎಷ್ಟೋ ವರ್ಷಗಳ ಮೇಲೆ ನನಗೆ ತಿಳಿದ ಸಂಗತಿ ಒಂದಿದೆ. ಮಿಕುನಿಯ ಆರು ಮೂಲೆಯ ದೊಡ್ಡ ಜೆಟ್‌ಗಳ ಮೇಲಿರುವ ಅಂಕಿ ತೂತಿನ ಅಳತೆಯಲ್ಲ, ಹರಿವಿನ ಅಳತೆ. ನಿಮಿಷಕ್ಕೆ ಎಷ್ಟು ಸಿಸಿ ಹರಿಯುತ್ತದೆ ಅನ್ನುವ ಲೆಕ್ಕ. ಕೈಹಿನ್ ಕಂಪನಿಯ ಜೆಟ್‌ಗಳಲ್ಲಿ ಅಂಕಿ ತೂತಿನ ಅಗಲ ಹೇಳುತ್ತದೆ, 110 ಅಂದರೆ 1.10 ಮಿಲಿಮೀಟರ್. ಹೊರಗಿನವರು ಮಾಡುವ ಜೆಟ್, ನೀಡಲ್ಲಿನ ಕಿಟ್‌ಗಳಲ್ಲಿ ಅಂಕಿಗೆ ಅವರವರದೇ ಲೆಕ್ಕ. ಹಾಗಾಗಿ ಒಬ್ಬರ 110 ಇನ್ನೊಬ್ಬರ 110 ಆಗಲೇಬೇಕೆಂದಿಲ್ಲ. ಈ ಲೆಕ್ಕ ಯಾವುದನ್ನೂ ಮೇಸ್ತ್ರಿ ಪುಸ್ತಕದಲ್ಲಿ ಓದಿರಲಿಲ್ಲ. ಜಗಲಿಯ ಮೇಲೆ ಸಿರಿಂಜು ಹಿಡಿದು ಅವರು ಮಾಡಿದ್ದು ಮಾತ್ರ ಕಾರ್ಖಾನೆಯವರು ಮಾಡುವ ಪರೀಕ್ಷೆಯ ಜಾತಿಯದೇ.

ಆಮೇಲೆ ನೀಡಲ್ಲಿನ ಸರದಿ. ಕಂಪನಿ ನೀಡಲ್ಲಿನ ಕತ್ತಿನ ಹತ್ತಿರ ಕಣ್ಣಿಗೆ ಕಾಣದಷ್ಟು ಸಣ್ಣಕ್ಷರದ ಗುರುತಿರುತ್ತದೆ. ಮೊದಲ ಅಂಕಿ ಉದ್ದಕ್ಕೆ, ಅಕ್ಷರ ಮೊನಚಿನ ಓರೆಗೆ. ನನ್ನದರಲ್ಲಿ ಏನೂ ಇರಲಿಲ್ಲ, ಬೋಳು. ಅಜ್ಜಿಯ ಮುಖ ನೋಡುವ ಕನ್ನಡಿಯ ಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ಉರುಳಿಸಿದರು. ಬೋಳು ನೀಡಲ್ಲು ತುದಿಯ ಕಡೆ ಬೇಗ ಸಣ್ಣಗಾಗಿತ್ತು. ಮೇಲಾಗಿ ಅದನ್ನು ಸ್ಲೈಡಿನಲ್ಲಿ ಹಿಡಿದಿಡುವ ಕ್ಲಿಪ್ಪು ಎಲ್ಲಕ್ಕಿಂತ ಕೆಳಗಿನ ಗೀರಿನಲ್ಲಿ ಕೂತಿತ್ತು. ಕ್ಲಿಪ್ ಕೆಳಗಿದ್ದರೆ ನೀಡಲ್ಲು ಮೇಲೇಳುತ್ತದೆ, ಪೆಟ್ರೋಲು ಹೆಚ್ಚು ಹೋಗುತ್ತದೆ. ಊರೊಳಗೆ ಅಷ್ಟು ಪಿಕಪ್ಪು, ಅಷ್ಟು ಹೊಗೆ ಬಂದದ್ದು ಅಲ್ಲಿಂದ.

ನನಗೆ ತಲೆ ತಿರುಗಿತು. ಒಂದು ಕಡೆ ಪೆಟ್ರೋಲು ಹೆಚ್ಚು, ಇನ್ನೊಂದು ಕಡೆ ಕಡಿಮೆ. ಒಬ್ಬನೇ ಮನುಷ್ಯ ಎರಡನ್ನೂ ಏಕೆ ಮಾಡಿಯಾನು?

"ಒಬ್ಬನಲ್ಲ, ಇಬ್ಬರು" ಅಂದರು ಮೇಸ್ತ್ರಿ. ಮರುದಿನ ಅಂಗಡಿಯಲ್ಲಿ ಏರ್ ಫಿಲ್ಟರಿನ ಡಬ್ಬಿ ಬಿಚ್ಚಿ ತೋರಿಸಿದರು. ಅದಕ್ಕೆ ಎರಡು ತೂತು ಕೊರೆದಿತ್ತು. ಕೊರೆದ ಅಂಚಿನಲ್ಲಿ ಹಳೆಯ ಧೂಳು, ಗಟ್ಟಿಯಾದ ಜಿಡ್ಡು. ನೀಡಲ್ಲಿನ ಕ್ಲಿಪ್ಪಿನ ಮೇಲೂ ಅದೇ ವಯಸ್ಸಿನ ಕಂದು ಅಂಟು. ಮೇನ್ ಜೆಟ್ಟಿನ ಗೀರಿನಲ್ಲಿ ಮಾತ್ರ ಹೊಸ ಹೊಳಪು. ಅವರು ಕಟ್ಟಿಕೊಟ್ಟ ಚರಿತ್ರೆ ಹೀಗೆ. ಮೊದಲ ಯಜಮಾನನಿಗೆ ಪಿಕಪ್ ಬೇಕಿತ್ತು. ಅವನು ಒಂದು ಕಿಟ್ ತಂದು ಹಾಕಿಸಿದ. ಗಾಳಿ ಹೆಚ್ಚು ಬರಲು ಡಬ್ಬಿಗೆ ತೂತು, ಪೆಟ್ರೋಲು ಹೆಚ್ಚು ಬರಲು ಬೇರೆ ನೀಡಲ್ಲು, ದೊಡ್ಡ ಜೆಟ್ಟು. ಲೆಕ್ಕ ಸರಿಹೋಗಿತ್ತು. ಅವನಿಂದ ಕೊಂಡವನಿಗೆ ಪೆಟ್ರೋಲು ಖರ್ಚು ಜಾಸ್ತಿ ಅನ್ನಿಸಿತು. ಯಾವುದೋ ಅಂಗಡಿಯಲ್ಲಿ ಮೈಲೇಜ್ ಜೆಟ್ ಅಂತ ಸಣ್ಣ ಕಣ್ಣಿನದೊಂದು ಹಾಕಿಸಿಕೊಂಡ. ಡಬ್ಬಿಯ ತೂತು ಅವನಿಗೆ ಗೊತ್ತಿಲ್ಲ, ಹೇಳಿದವರಿಲ್ಲ. ಗಾಳಿ ಹೆಚ್ಚಿಗೆ ಬರುತ್ತಲೇ ಇತ್ತು, ಪೆಟ್ರೋಲು ಮಾತ್ರ ಕಡಿಮೆಯಾಯಿತು. ಮೇಲಿಂದ ಬೆಂಗಳೂರಿನ ಎತ್ತರ 900 ಮೀಟರಿನ ಸುಮಾರು, ಪೆರಿಯಕುಳದ್ದು 300ಕ್ಕೂ ಕಡಿಮೆ. ಕೆಳಗಿಳಿದಷ್ಟೂ ಗಾಳಿ ದಟ್ಟ. ಆಡಿಯ ತಂಪು ಗಾಳಿ ಇನ್ನೂ ದಟ್ಟ. ಎಲ್ಲ ಸೇರಿ ಲಕ್ಷ್ಮೀಪುರದ ಹತ್ತಿರ ನನ್ನನ್ನು ಹಿಡಿದು ನಿಲ್ಲಿಸಿದವು.

ಯಾರನ್ನೂ ಅವರು ಬೈಯಲಿಲ್ಲ. ಇಷ್ಟೇ ಅಂದರು: "ಇಬ್ಬರೂ ಅವರವರಿಗೆ ಬೇಕಾದ್ದನ್ನು ಮಾಡಿಕೊಂಡರು ಸಾರ್. ಮುಂದಿನವನಿಗೆ ಹೇಳಲಿಲ್ಲ, ಅದೊಂದೇ ತಪ್ಪು."

ಡಬ್ಬಿಯ ತೂತು ಮುಚ್ಚಿ, ಕಂಪನಿ ಜೆಟ್ಟು, ಕಂಪನಿ ನೀಡಲ್ಲು ಕೂರಿಸಿ ಗಾಡಿ ಕೊಟ್ಟರು. ಕೆಲವು ವಾರ ಮೆಲ್ಲಗೆ ಓಡಿಸಿದ ಮೇಲೆ ಒಂದು ಭಾನುವಾರ, "ಬನ್ನಿ, ಮೇಲೆ ಹೋಗಿ ನೋಡೋಣ" ಅಂತ ತಾವೇ ಹಿಂದೆ ಕೂತರು. ದೇವದಾನಪಟ್ಟಿ ದಾಟಿ ಘಾಟ್ ರಸ್ತೆ. ಡಂಡಂ ಪಾರೆಯ ಹತ್ತಿರ ನಿಂತು ತಲೈಯಾರ್ ಜಲಪಾತ ನೋಡಿದೆವು. ದೂರದ ಬಂಡೆಯ ಮೇಲಿಂದ ಇಲಿಯ ಬಾಲದ ಹಾಗೆ ಬಿಳಿ ಗೆರೆ, ಎತ್ತರ 297 ಮೀಟರ್. ಮೇಲೇರಿದ ಹಾಗೆ ಗಾಡಿ ಮಂಕಾಯಿತು. ಪೆರುಮಾಳ್‌ಮಲೈ ತಲುಪುವ ಹೊತ್ತಿಗೆ ಉಬ್ಬಸ ಹಿಡಿದವರ ಹಾಗೆ ಕೆಮ್ಮುತ್ತಿತ್ತು. ನನಗೆ ಮತ್ತೆ ದಿಗಿಲು.

ಮೇಸ್ತ್ರಿ ಚಹಾದಂಗಡಿಯ ಮುಂದೆ ಗಾಡಿ ನಿಲ್ಲಿಸಲು ಹೇಳಿ ಪ್ಲಗ್ ಬಿಚ್ಚಿದರು. ಈಗ ಕಪ್ಪು. ಕೊಡೈಕನಾಲ್ ಇರುವುದು 2,100 ಮೀಟರಿನ ಎತ್ತರದಲ್ಲಿ. ಸಮುದ್ರ ಮಟ್ಟಕ್ಕೆ ಹೋಲಿಸಿದರೆ ಅಲ್ಲಿಯ ಗಾಳಿ ಸುಮಾರು ಐದರಲ್ಲೊಂದು ಪಾಲು ತೆಳು. ಅದೇ ಜೆಟ್ಟು, ಅದೇ ಪೆಟ್ರೋಲು, ಗಾಳಿ ಕಡಿಮೆ. ಕೆಳಗೆ ಸರಿಯಿದ್ದದ್ದು ಮೇಲೆ ಹೆಚ್ಚಾಯಿತು. ಅವರು ನೀಡಲ್ಲಿನ ಕ್ಲಿಪ್ಪನ್ನು ಒಂದು ಗೀರು ಮೇಲಕ್ಕೆ ಹಾಕಿದರು, ನೀಡಲ್ಲು ಒಂದು ಗೀರು ಕೆಳಗಿಳಿಯಿತು. ಗಾಡಿ ಕೆಮ್ಮುವುದು ನಿಲ್ಲಿಸಿತು. ಆಮೇಲೆ ಜೇಬಿನಿಂದ ಕೆಂಪು ದಾರ ತೆಗೆದು ಹ್ಯಾಂಡಲ್ಲಿಗೆ ಕಟ್ಟಿದರು. ಅಜ್ಜಿಯ ಡಬ್ಬಿಯ ದಾರವೇ ಅದು.

"ಇದು ಯಾಕೆ?"

"ಇಳಿಯುವಾಗ ಕ್ಲಿಪ್ ಮತ್ತೆ ಹಳೇ ಜಾಗಕ್ಕೆ ಹಾಕಬೇಕು. ನಾನು ಮರೆತರೂ ದಾರ ಮರೆಯೋದಿಲ್ಲ."

ಮೇಲೆ ಮೋಡದೊಳಗೆ ಕೂತು ಪೇರಿಕ್ಕಾಯಿ ತಿಂದೆವು. ಪೇರ್ ಹಣ್ಣಿಗೆ ಅಲ್ಲಿ ಹಾಗನ್ನುತ್ತಾರೆ, ಕಚ್ಚಿದರೆ ಕಟುಕ್ಕನೆ ಮುರಿಯುತ್ತದೆ. ಮೊಮ್ಮಗಳಿಗೆ ಅಂತ ಅವರು ಅರ್ಧ ಡಜನ್ ಕಟ್ಟಿಸಿಕೊಂಡರು. ಇಳಿಯುವ ಮುಂಚೆ ಅದೇ ಚಹಾದಂಗಡಿಯಲ್ಲಿ ಕ್ಲಿಪ್ ಬದಲಾಯಿಸಿ, ದಾರ ಬಿಚ್ಚಿ ಜೇಬಿಗೆ ಹಾಕಿಕೊಂಡರು.

ಆ ಜಗಲಿಯ ಪಾಠ ಮತ್ತೊಮ್ಮೆ ನನಗೆ ಒದಗಿದ್ದು ಬಹಳ ಕಾಲದ ಮೇಲೆ, ಬೆಂಗಳೂರಿನಲ್ಲಿ. ತಂಗಿಯ ಮಗ ಹೊರದೇಶದಿಂದ ಬಂದ ಹಳೆಯ ಜಪಾನೀ ಬೈಕು ಕೊಂಡಿದ್ದ. ನಾಲ್ಕು ಸಿಲಿಂಡರು, ನಾಲ್ಕು ಕಾರ್ಬೊರೇಟರು. ಯಾವ ಟ್ಯೂನಿಂಗಿಗೂ ಬಗ್ಗುತ್ತಿರಲಿಲ್ಲ. ಇಬ್ಬರೂ ಕೂತು ಬಿಚ್ಚಿದೆವು. ಅಮೆರಿಕದಲ್ಲಿ ಹೊಗೆಯ ಕಾನೂನು 1978ರಿಂದ ಬೈಕುಗಳಿಗೂ ಬಂದ ಮೇಲೆ ಕಂಪನಿಗಳು ಪೆಟ್ರೋಲನ್ನು ಬಿಗಿಯಾಗಿ ಅಳೆದು ಬಿಡತೊಡಗಿದವು. ಮಿಕ್ಸ್ಚರ್ ಸ್ಕ್ರೂ ಮೇಲೆ ಹಿತ್ತಾಳೆಯ ಮುಚ್ಚಳ ಹೊಡೆದರು. ಎಷ್ಟೋ ಗಾಡಿಗಳ ನೀಡಲ್ಲಿನಲ್ಲಿ ಏರಿಳಿಸುವ ಗೀರುಗಳೂ ಇಲ್ಲವಾದವು. ಆ ಬಿಗಿ ಸಡಿಲಿಸಲೆಂದೇ ಅಲ್ಲಿ ಡೈನೋಜೆಟ್‌ನಂಥ ಕಂಪನಿಗಳು ಕಿಟ್ ಮಾಡಿ ಮಾರಿದವು. ನಾವು ಬಿಚ್ಚಿದ ಗಾಡಿಯಲ್ಲಿ ಗುರುತುಗಳೆಲ್ಲ ಎದ್ದು ಕಂಡವು. ಮಿಕ್ಸ್ಚರ್ ಸ್ಕ್ರೂವಿನ ಮುಚ್ಚಳ ಕೊರೆದು ತೆಗೆದಿತ್ತು. ನೀಡಲ್ಲಿನಲ್ಲಿ ಸಾಲಾಗಿ ಗೀರುಗಳು. ಸ್ಲೈಡಿನ ತಳದ ತೂತು ಡ್ರಿಲ್ಲಿನಲ್ಲಿ ಹಿಗ್ಗಿತ್ತು. ಜೆಟ್ಟಿನ ಮೇಲೆ ಡಿಜೆ ಅಂತ ಎರಡಕ್ಷರ. ಹುಡುಗ ಆ ಅಂಕಿಯನ್ನು ಕಂಪನಿಯ ಪುಸ್ತಕಕ್ಕೆ ಹೋಲಿಸಿ ತಿಂಗಳುಗಟ್ಟಲೆ ಒದ್ದಾಡಿದ್ದ. ಎರಡು ಲೆಕ್ಕವೂ ಬೇರೆ ಬೇರೆ ಅಂತ ತಿಳಿದ ದಿನವೇ ದಾರಿ ಸಿಕ್ಕಿತು. ಕಿಟ್ ಕೆಟ್ಟದ್ದಾಗಿರಲಿಲ್ಲ. ಯಾವ ಕಿಟ್, ಯಾವ ಗೀರು ಅಂತ ಹಾಕಿದವರು ಬರೆದಿಟ್ಟಿರಲಿಲ್ಲ.

ಮೇಸ್ತ್ರಿ ಬರೆದಿಟ್ಟಿದ್ದರು. ಅದನ್ನು ಹೇಳದೆ ಕಥೆ ಮುಗಿಸುವ ಹಾಗಿಲ್ಲ. ಗಾಡಿ ರಿಪೇರಿ ಮುಗಿಸಿದ ದಿನ ಅವರು ಗೋಡೆಯ ದಿನಗ್ಯಾಲೆಂಡರಿನ ಒಂದು ಹಾಳೆ ಹರಿದು, ಕಿವಿಯ ಸಂದಿಯ ಪೆನ್ಸಿಲ್ ತೆಗೆದು, ಹಿಂಬದಿಯಲ್ಲಿ ತಮಿಳಿನಲ್ಲಿ ನಾಲ್ಕು ಸಾಲು ಬರೆದರು. ಮೇನ್ ಜೆಟ್ಟು ಕಂಪನಿದು, ಚೌಕದ ಗುರುತು ಇದೆ. ನೀಡಲ್ಲು ಕಂಪನಿದು, ಕ್ಲಿಪ್ ನಡುವಿನ ಗೀರು. ಫಿಲ್ಟರ್ ಡಬ್ಬಿಯ ತೂತು ಮುಚ್ಚಿದೆ. ಪಿಸ್ಟನ್ ಒಮ್ಮೆ ಕಟ್ಟಿಕೊಂಡಿದೆ, ಬೋರ್ ಆಗಿಲ್ಲ. ಅದನ್ನು ಮಡಚಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಸೀಟಿನ ಕೆಳಗೆ ಸಿಕ್ಕಿಸಿದರು. ನನ್ನ ಮೇನ್ ಜೆಟ್ಟನ್ನೂ, ಬೋಳು ನೀಡಲ್ಲನ್ನೂ ಬೆಂಕಿಪೊಟ್ಟಣದಲ್ಲಿ ಹಾಕಿ ನನಗೇ ಕೊಟ್ಟರು, ಹೊರಗಿನದು ಅಂತ ಮೇಲೆ ಬರೆದು.

ಪೆರಿಯಕುಳಂ ಬಿಟ್ಟು ಬಂದ ಮೇಲೆ ಆ ಗಾಡಿ ಮೈಸೂರಿನಲ್ಲಿ ನನ್ನ ಜೊತೆ ಹಲವು ವರ್ಷ ಇತ್ತು, ಇನ್ನೊಮ್ಮೆ ಕಟ್ಟಿಕೊಳ್ಳಲಿಲ್ಲ. ಮಾರುವಾಗ ಚೀಟಿಯ ನಾಲ್ಕು ಸಾಲನ್ನು ಕನ್ನಡದಲ್ಲಿ ಬರೆದು, ನಾನು ಮಾಡಿಸಿದ್ದನ್ನು ಕೆಳಗೆ ಸೇರಿಸಿ, ಕೊಂಡವರ ಕೈಗೆ ಕೊಟ್ಟೆ. ತಮಿಳಿನ ಮೂಲ ಚೀಟಿ ನನ್ನ ಹತ್ತಿರವೇ ಉಳಿಯಿತು.

2020ರ ಏಪ್ರಿಲ್‌ನಲ್ಲಿ ಬಿಎಸ್-6 ನಿಯಮ ಬಂದ ಮೇಲೆ ಹೊಸ ಬೈಕುಗಳಲ್ಲಿ ಕಾರ್ಬೊರೇಟರ್ ಕಾಣಸಿಗುವುದು ಅಪರೂಪ. ಹಳೆಯ ಆರ್‌ಎಕ್ಸ್, ಯೆಜ್ಡಿ, ಬುಲೆಟ್‌ಗಳು ಮಾತ್ರ ಕೈಯಿಂದ ಕೈಗೆ ಹೋಗುತ್ತಲೇ ಇವೆ, ಪ್ರತಿ ಕೈಯೂ ಒಳಗೆ ಏನಾದರೊಂದು ಬದಲಾಯಿಸುತ್ತದೆ. ಅಂಥದ್ದೊಂದನ್ನು ಕೊಳ್ಳುವವರು ರಸ್ತೆಗಿಳಿಸುವ ಮುಂಚೆ ಕಾರ್ಬೊರೇಟರ್ ಬಿಚ್ಚಿಸಿ ನೋಡಿ. ಅಂಕಿ ಓದಿ ಸಮಾಧಾನಪಡಬೇಡಿ. ಗುರುತು ನೋಡಿ, ಕಂಪನಿ ಚೂರಿನ ಪಕ್ಕದಲ್ಲಿಟ್ಟು ಕಣ್ಣು ಅಳೆಯಿರಿ. ಮಾರುವವರು ಏನು ಹಾಕಿದಿರಿ, ಏನು ತೆಗೆದಿರಿ ಅಂತ ನಾಲ್ಕು ಸಾಲು ಬರೆದು ಸೀಟಿನ ಕೆಳಗೆ ಇಡಿ. ಮುಂದೆ ಆ ಗಾಡಿಯ ಕಿವಿ ಪೂರ್ತಿ ತಿರುವಿ ಖಾಲಿ ರಸ್ತೆಯಲ್ಲಿ ಹೋಗುವವರು ಯಾರದೋ ಮನೆಯ ಮಕ್ಕಳು.